ಶಾಲು ಬೇಡ, ಅಂಗಳ ಕೊಡಿ

ಗಾಲಿಕುರ್ಚಿಯಲ್ಲಿ ಕುಳಿತು ಟೆನಿಸ್ ಆಡುವವನಿಗೆ ನಮ್ಮ ಪತ್ರಿಕೆಗಳ ಕ್ರೀಡಾಪುಟದಲ್ಲಿ ಜಾಗವಿಲ್ಲ. ಅವನಿಗೆ ಜಾಗವಿರುವುದು ಭಾನುವಾರದ ಪುರವಣಿಯಲ್ಲಿ. ಅಲ್ಲಿ ಅವನ ಬಗ್ಗೆ ಬರೆಯುವವರು ಅವನ ಆಟವನ್ನು ಒಂದು ಸಲವಾದರೂ ನೋಡಿದವರೆಂಬ ಗುರುತು ಎಲ್ಲೂ ಸಿಗುವುದಿಲ್ಲ. ಎದುರಾಳಿಯ ಸರ್ವಿಸ್ ಹೇಗಿತ್ತು, ಮೂರನೇ ಸೆಟ್ಟಿನಲ್ಲಿ ಅವನ ಬ್ಯಾಕ್‌ಹ್ಯಾಂಡ್ ಯಾಕೆ ಕೈಕೊಟ್ಟಿತು ಎಂಬ ಮಾತು ಅಲ್ಲಿಲ್ಲ. ಇರುವುದು ಅವನ ತಾಯಿಯ ಕಣ್ಣೀರು, ಅವನ ಛಲ, ವಿಧಿಯ ಕ್ರೌರ್ಯ. ಕೊನೆಗೆ 'ಕೈಕಾಲು ನೆಟ್ಟಗಿರುವ ನಾವೇನು ಮಾಡಿದ್ದೇವೆ?' ಎಂಬ ಒಂದು ಹುಸಿ ಪ್ರಶ್ನೆ. ಓದುಗನ ಕಣ್ಣು ಒದ್ದೆಯಾಗುತ್ತದೆ. ಚಹಾ ಮುಗಿಯುವ ಹೊತ್ತಿಗೆ ಒಣಗುತ್ತದೆ.

ಈ ಬಗೆಯ ಬರವಣಿಗೆಯ ಮೇಲೆ ನಮಗೆ ಸಿಟ್ಟಿದೆ. ಕಥೆ ಬರೆಯುವವರಾದ ನಮಗೆ ಕರುಣೆಯ ಮಾರುಕಟ್ಟೆ ಗೊತ್ತಿಲ್ಲದ್ದೇನಲ್ಲ. ಆದರೆ ಒಬ್ಬ ಆಟಗಾರನನ್ನು ಪವಾಡಪುರುಷನನ್ನಾಗಿ ಮಾಡಿದರೆ ಅದರಿಂದ ಒಂದು ದೊಡ್ಡ ಅನುಕೂಲವಿದೆ. ಪವಾಡಕ್ಕೆ ಮೈದಾನ ಬೇಕಿಲ್ಲ, ತರಬೇತುದಾರ ಬೇಕಿಲ್ಲ, ಅನುದಾನ ಬೇಕಿಲ್ಲ. ಅದು ತನ್ನಷ್ಟಕ್ಕೆ ಆಗುತ್ತದೆ. ಆದ ಮೇಲೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಒಂದು ಮೈಸೂರು ಪೇಟ ಸಾಕು. ವೃತ್ತಿ ಹಾಗಲ್ಲ. ಟೆನಿಸ್ ಒಬ್ಬನ ವೃತ್ತಿ ಎಂದು ಒಪ್ಪಿಕೊಂಡ ಮರುಕ್ಷಣದಿಂದ ಸಮಾಜ ಅವನಿಗೆ ಲೆಕ್ಕ ಕೊಡಬೇಕಾಗುತ್ತದೆ.

ಬೆಂಗಳೂರಿನ ಬೋನಿಫೇಸ್ ಪ್ರಭು ಅವರನ್ನೇ ನೋಡಿ. ಹುಟ್ಟಿದ್ದು 1972ರಲ್ಲಿ. ನಾಲ್ಕನೇ ವಯಸ್ಸಿನಲ್ಲಿ ಬೆನ್ನಿಗೆ ಸೂಜಿ ಚುಚ್ಚಿ ದ್ರವ ತೆಗೆಯುವ ಒಂದು ಚಿಕಿತ್ಸೆ ಎಡವಟ್ಟಾಗಿ, ಆ ಮಗುವಿನ ಕೈಕಾಲುಗಳು ಜೀವಮಾನಕ್ಕಾಗುವಷ್ಟು ಸೊರಗಿಹೋದವು. ಅವರೇ ಮುಂದೆ ಈ ದೇಶದಲ್ಲಿ ಗಾಲಿಕುರ್ಚಿ ಟೆನಿಸ್ಸಿಗೆ ದಾರಿ ಮಾಡಿದ ಮೊದಲಿಗರಲ್ಲಿ ಒಬ್ಬರಾದರು. 1998ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪದಕ ತಂದರು. 2014ರಲ್ಲಿ ಕೇಂದ್ರ ಸರ್ಕಾರ ಪದ್ಮಶ್ರೀ ಕೊಟ್ಟಿತು. ಸರಿ, ಕೊಟ್ಟಿತು. ಆದರೆ ಪದಕಕ್ಕೂ ಪದ್ಮಶ್ರೀಗೂ ನಡುವೆ ಹದಿನಾರು ವರ್ಷ. ಆ ಹದಿನಾರು ವರ್ಷಗಳಲ್ಲಿ ಕರ್ನಾಟಕದ ಎಷ್ಟು ಜಿಲ್ಲಾ ಕ್ರೀಡಾಂಗಣಗಳ ಬಾಗಿಲಲ್ಲಿ ಮೆಟ್ಟಿಲಿನ ಪಕ್ಕ ಒಂದು ಇಳಿಜಾರು ಕಟ್ಟಲಾಯಿತು? ಹೊಸಬರಿಗೆ ಆಟ ಕಲಿಸಲು ಪ್ರಭು ಅವರು ತಮ್ಮ ಹೆಸರಿನಲ್ಲೇ ಒಂದು ಅಕಾಡೆಮಿ ಕಟ್ಟಬೇಕಾಯಿತು. ಆಡಬೇಕಾದವನೇ ಅಂಗಳ ಹುಡುಕಬೇಕು, ಅವನೇ ಹಣ ಕೂಡಿಸಬೇಕು, ಅವನೇ ಮುಂದಿನವನಿಗೆ ಕಲಿಸಬೇಕು. ಕ್ರಿಕೆಟಿಗನೊಬ್ಬನಿಗೆ ಬ್ಯಾಟು ಹಿಡಿದುಕೊಂಡೇ ಸ್ಟೇಡಿಯಂ ಕಟ್ಟು ಎಂದು ಯಾರಾದರೂ ಹೇಳಿದ್ದುಂಟೆ?

ಈ ಆಟದ ಹುಟ್ಟು ಹಳೆಯದೇನಲ್ಲ. 1976ರಲ್ಲಿ ಬ್ರ್ಯಾಡ್ ಪಾರ್ಕ್ಸ್ ಎಂಬ ಹದಿನೆಂಟರ ಅಮೆರಿಕನ್ ಹುಡುಗ ಹಿಮದ ಮೇಲೆ ಸ್ಕೀ ಆಡುವಾಗ ಬಿದ್ದು ಬೆನ್ನುಹುರಿ ಮುರಿದುಕೊಂಡ. ಕುರ್ಚಿಯಲ್ಲಿ ಕುಳಿತೇ ಟೆನಿಸ್ ಆಡಲು ಸಾಧ್ಯವೇ ಎಂದು ನೋಡಿದ. ಸಾಧ್ಯವಾಯಿತು. 1988ರ ಸಿಯೋಲ್ ಪ್ಯಾರಾಲಿಂಪಿಕ್ಸಿನಲ್ಲಿ ಪ್ರದರ್ಶನದ ಆಟವಾಗಿದ್ದದ್ದು 1992ರಲ್ಲಿ ಬಾರ್ಸಿಲೋನಾದಲ್ಲಿ ಪದಕದ ಆಟವಾಯಿತು. ಕೈಗಳಲ್ಲೂ ಬಲ ಕಡಿಮೆಯಿರುವವರ 'ಕ್ವಾಡ್' ವಿಭಾಗ 2004ರಲ್ಲಿ ಅಥೆನ್ಸಿನಲ್ಲಿ ಸೇರಿತು. ಹಿಡಿತವಿಲ್ಲದ ಕೈಗೆ ರ‍್ಯಾಕೆಟ್ಟನ್ನು ಟೇಪಿನಿಂದ ಸುತ್ತಿ ಕಟ್ಟಿಕೊಂಡು ಆಡುವವರು ಈ ವಿಭಾಗದಲ್ಲಿದ್ದಾರೆ.

ಇಲ್ಲಿ ಓದುಗರು ಒಂದು ನಿಯಮವನ್ನು ಗಮನಿಸಬೇಕು. ಗಾಲಿಕುರ್ಚಿ ಟೆನಿಸ್ಸಿಗೆ ಬೇರೆ ಅಂಗಳವಿಲ್ಲ. ಬಲೆಯ ಎತ್ತರ ಅದೇ, ಚೆಂಡು ಅದೇ, ರ‍್ಯಾಕೆಟ್ಟು ಅದೇ, ಅಂಕ ಎಣಿಸುವ ಕ್ರಮವೂ ಅದೇ. ಮುಖ್ಯವಾಗಿ ಬದಲಾಗಿರುವುದು ಒಂದೇ: ಚೆಂಡು ಎರಡು ಸಲ ಪುಟಿಯುವವರೆಗೆ ಕಾಯಬಹುದು, ಎರಡನೇ ಪುಟಿತ ಗೆರೆಯ ಆಚೆ ಬಿದ್ದರೂ ಸರಿ. ಕುರ್ಚಿಯನ್ನು ಆಟಗಾರನ ಮೈಯ ಭಾಗವೆಂದೇ ಲೆಕ್ಕ ಹಾಕುತ್ತಾರೆ. ಆಟದ ನಡುವೆ ಚೆಂಡು ಕುರ್ಚಿಗೆ ತಾಗಿದರೆ ಅಂಕ ಹೋಯಿತು, ಕರುಣೆಯಿಲ್ಲ. ನಿಂತು ಆಡುವವನೂ ಕುಳಿತು ಆಡುವವನೂ ಎದುರುಬದುರಾಗಿ ಆಡಬಹುದು. ಆಗ ಕುಳಿತವನಿಗೆ ಎರಡು ಪುಟಿತ, ನಿಂತವನಿಗೆ ಒಂದು. ಅಂದರೆ ಅಣ್ಣ ತಮ್ಮ ಒಂದೇ ಅಂಗಳದಲ್ಲಿ ಆಡಬಹುದು. ಈ ಆಟ ಬೇಡುವುದು ಒಂದು ಚಿಕ್ಕ ಹೊಂದಾಣಿಕೆಯನ್ನು ಮಾತ್ರ. ಅಷ್ಟನ್ನು ಕೊಡಲೂ ನಮ್ಮ ಊರುಗಳಿಗೆ ಇನ್ನೂ ಮನಸ್ಸು ಬಂದಿಲ್ಲ.

ಊರು ಅಂದಾಗ ಹೊನ್ನಾವರದ ಮಾತಿಗೇ ಬರೋಣ. ಹೊನ್ನಾವರದಲ್ಲಿ ಕೋರ್ಟು ಎಂದರೆ ಜನ ತಿಳಿಯುವುದು ವಕೀಲರಿರುವ ಜಾಗವನ್ನು. ಇರಲಿ. ಇದು ಆಟ ಗೊತ್ತಿಲ್ಲದ ಸೀಮೆಯಲ್ಲ. ಮಳೆ ನಿಂತು ಗದ್ದೆ ಒಣಗಿದ್ದೇ ತಡ, ಭಟ್ಕಳದಿಂದ ಕುಮಟಾದವರೆಗೆ ಹೊನಲು ಬೆಳಕಿನ ಕ್ರಿಕೆಟ್, ಹೊನಲು ಬೆಳಕಿನ ವಾಲಿಬಾಲ್, ಹೊನಲು ಬೆಳಕಿನ ಕಬಡ್ಡಿ. ಆಳೆತ್ತರದ ಟ್ರೋಫಿಗಳು, ರಾತ್ರಿ ಎರಡು ಗಂಟೆಯವರೆಗೆ ಧ್ವನಿವರ್ಧಕ. ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮ ಹುಡುಗರ ದುಡ್ಡು, ಊರ ವ್ಯಾಪಾರಿಗಳ ದುಡ್ಡು, ಚುನಾವಣೆ ಹತ್ತಿರವಿದ್ದರೆ ರಾಜಕಾರಣಿಗಳ ದುಡ್ಡು, ಎಲ್ಲವೂ ಅಲ್ಲಿ ಹರಿಯುತ್ತದೆ. ದುಡ್ಡಿಲ್ಲ ಎಂಬ ಮಾತನ್ನು ಈ ಕರಾವಳಿಯ ಬಾಯಲ್ಲಿ ನಾವು ನಂಬುವುದಿಲ್ಲ.

ಇನ್ನೊಂದು ಮಾತು ಕೇಳಿಬರುತ್ತದೆ: 'ಅಂಥವರು ನಮ್ಮ ಊರಲ್ಲಿ ಎಷ್ಟು ಜನ ಇದ್ದಾರು?' 2011ರ ಜನಗಣತಿ ಇಡೀ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರನ್ನು ಎಣಿಸಿದೆ. ಅವರು ಎಲ್ಲಿದ್ದಾರೆ ಎಂದು ಕೇಳುವವರು ಈ ಸೀಮೆಯ ದುಡಿಮೆಯನ್ನು ಒಮ್ಮೆ ನೆನೆಯಲಿ. ಇಲ್ಲಿ ಬದುಕು ಎತ್ತರದಲ್ಲಿದೆ. ತೆಂಗಿನ ಮರ ಹತ್ತಬೇಕು, ಅಡಿಕೆಯ ಮರದಿಂದ ಮರಕ್ಕೆ ದಾಟುವ ಕೊನೆಗೌಡನಿಗೆ ಕಾಲಡಿಯಲ್ಲಿ ನೆಲವಿಲ್ಲ. ಮಳೆಗಾಲದ ಪಾಚಿಗೆ ಕಾಲು ಜಾರಿದರೆ ಮುಗಿಯಿತು. ಚಿರೆಕಲ್ಲಿನ ಕ್ವಾರಿಯಲ್ಲಿ ಕಲ್ಲು ಜರಿಯುತ್ತದೆ. ಬೋಟಿನಿಂದ ಬಿದ್ದವರಿದ್ದಾರೆ. ಅಗಲವಾಗುತ್ತಾ ಬಂದ ಹೆದ್ದಾರಿ 66ರಲ್ಲಿ ಬೈಕಿನಿಂದ ಹಾರಿ ಬಿದ್ದ ಹುಡುಗರಿದ್ದಾರೆ. ಅವರೆಲ್ಲ ಮನೆಯ ಒಳಕೋಣೆಯಲ್ಲಿ, ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಾರೆ. ಮೈದಾನದಲ್ಲಿ ಕಾಣುವುದಿಲ್ಲ ಎಂದ ಮಾತ್ರಕ್ಕೆ ಅವರು ಇಲ್ಲ ಎಂದು ಲೆಕ್ಕ ಮುಗಿಸಿದ್ದೇವೆ.

ಇಂಥ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳೋಣ. ಹೆಸರು ಬೇಡ. ಶರಾವತಿಯ ದಂಡೆಯ ಯಾವುದೋ ಕೇರಿಯವನು, ಹತ್ತೊಂಬತ್ತು ವರ್ಷ, ತೆಂಗಿನ ಮರದಿಂದ ಬಿದ್ದ. ಬಿದ್ದ ತಕ್ಷಣ ನಾಲ್ಕು ಜನ ಕೈಕಾಲು ಹಿಡಿದೆತ್ತಿ ರಿಕ್ಷಾದಲ್ಲಿ ಮಡಚಿ ಕೂರಿಸುತ್ತಾರೆ. ಪ್ರೀತಿಯಿಂದಲೇ. ಆದರೆ ಮುರಿದ ಬೆನ್ನೆಲುಬನ್ನು ಹಾಗೆ ಬಗ್ಗಿಸಿದರೆ ಅರ್ಧ ಉಳಿದಿದ್ದ ಬೆನ್ನುಹುರಿಯೂ ಹೋದೀತು. ಅಲ್ಲಿಂದ ಮುಂದೆ ಮಣಿಪಾಲ ಇಲ್ಲವೇ ಮಂಗಳೂರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ ವರ್ಷಗಳಿಂದ ಕೂಗಿದ್ದಾರೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಧಾವಿಸುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತಾಗ ಆ ಕೂಗು ರಾಜ್ಯಕ್ಕೆಲ್ಲ ಕೇಳಿಸಿತು. ನಮ್ಮ ಹುಡುಗ ಬದುಕಿದ ಎಂದೇ ಇಟ್ಟುಕೊಳ್ಳಿ. ಶಸ್ತ್ರಚಿಕಿತ್ಸೆಯಾಯಿತು, ಜಮೀನು ಅಡವಾಯಿತು, ಡಿಸ್ಚಾರ್ಜ್ ಚೀಟಿ ಸಿಕ್ಕಿತು. ಮನೆಗೆ ಬಂದ. ಇಲ್ಲಿಗೆ ನಮ್ಮ ವೈದ್ಯಕೀಯದ ಕೆಲಸ ಮುಗಿಯಿತು.

ಬೇರೆ ಕಡೆ ಕೆಲಸ ಶುರುವಾಗುವುದೇ ಇಲ್ಲಿಂದ. ನೆದರ್ಲೆಂಡಿನ ಎಸ್ತರ್ ವರ್ಗೇರ್ ಎಂಟನೇ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆಯ ನಂತರ ಕಾಲು ಕಳೆದುಕೊಂಡಾಗ, ಅವಳಿಗೆ ಆಟ ಕಲಿಸಿದ್ದು ಪುನರ್ವಸತಿಯ ಹೊತ್ತಿನಲ್ಲೇ. ಅದು ಚಿಕಿತ್ಸೆಯ ಒಂದು ಭಾಗ. ಆ ಹುಡುಗಿ ಬೆಳೆದು 2003ರಿಂದ 2013ರಲ್ಲಿ ನಿವೃತ್ತಳಾಗುವವರೆಗೆ ಸಿಂಗಲ್ಸಿನಲ್ಲಿ ಒಂದೂ ಪಂದ್ಯ ಸೋಲಲಿಲ್ಲ, ಸತತ 470 ಗೆಲುವು. ಜಪಾನಿನ ಶಿಂಗೊ ಕುನಿಯೆದಾಗೆ ಒಂಬತ್ತನೇ ವಯಸ್ಸಿನಲ್ಲಿ ಬೆನ್ನುಹುರಿಯ ಗಡ್ಡೆ. ಹನ್ನೊಂದನೇ ವಯಸ್ಸಿಗೆ ತಾಯಿ ಅವನನ್ನು ಕಾಶಿವಾ ನಗರದ ಟೆನಿಸ್ ಕೇಂದ್ರಕ್ಕೆ ಕರೆದೊಯ್ದರು. ಆ ಕೇಂದ್ರದಲ್ಲಿ ಗಾಲಿಕುರ್ಚಿಯವರಿಗೂ ಕಲಿಸುತ್ತಿದ್ದರು, ಅದು ಅವರ ಮನೆಗೆ ಹತ್ತಿರವಿತ್ತು. ಅಷ್ಟೇ ವಿಷಯ. 28 ಗ್ರ್ಯಾಂಡ್ ಸ್ಲ್ಯಾಂ ಸಿಂಗಲ್ಸ್ ಕಿರೀಟಗಳನ್ನು ಗೆದ್ದು ಆತ 2023ರ ಜನವರಿಯಲ್ಲಿ ನಿವೃತ್ತನಾದ. ಅವನ ಛಲದ ಕಥೆಯನ್ನು ನಾವು ಎಷ್ಟು ಬೇಕಾದರೂ ಹೇಳಬಹುದು. ಆದರೆ ಆ ಕಥೆಯ ಮೊದಲ ವಾಕ್ಯ ಮನೆಯ ಹತ್ತಿರ ಒಂದು ಅಂಗಳವಿತ್ತು ಎಂಬುದು. ಹೊನ್ನಾವರದ ನಮ್ಮ ಹುಡುಗನಿಗೂ ಅದೇ ಛಲ ಇರಬಹುದು. ಅದು ಇದೆಯೋ ಇಲ್ಲವೋ ತಿಳಿಯುವ ಅವಕಾಶವೇ ಯಾರಿಗೂ ಸಿಕ್ಕಿಲ್ಲ.

ಅವನು ಬೆಂಗಳೂರಿಗೆ ಹೋಗಬಹುದಲ್ಲ ಎನ್ನುವವರಿದ್ದಾರೆ. ಹೋಗಲಿ. ಬೆಂಗಳೂರಿನಲ್ಲಿ ಶೇಖರ್ ವೀರಸ್ವಾಮಿಯವರಂಥ ದೇಶದ ಮುಂಚೂಣಿಯ ಆಟಗಾರರಿದ್ದಾರೆ. ಪ್ರತಿಮಾ ರಾವ್, ಶಿಲ್ಪಾ ಪುಟ್ಟರಾಜು ಅವರಂಥ ಹೆಣ್ಣುಮಕ್ಕಳು ಈ ರಾಜ್ಯದಿಂದಲೇ ಕುರ್ಚಿ ತಳ್ಳಿಕೊಂಡು ಹೊರದೇಶದ ಅಂಗಳಗಳಿಗೆ ಹೋಗಿದ್ದಾರೆ. ಆದರೆ ಮೊದಲು ರೈಲು ಹತ್ತಬೇಕಲ್ಲ? ಬೋಗಿಯ ಮೆಟ್ಟಿಲು ಅವನನ್ನು ಹತ್ತಿಸಿಕೊಳ್ಳುವುದಿಲ್ಲ, ಸಾಮಾನ್ಯ ಬೋಗಿಯ ಬಾಗಿಲು ಅವನ ಕುರ್ಚಿಯನ್ನು ಒಳಗೆ ಬಿಡುವುದಿಲ್ಲ. 2017ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಮಟ್ಟದ ಪ್ಯಾರಾ ಕ್ರೀಡಾಪಟು ಸುವರ್ಣಾ ರಾಜ್ ಅವರಿಗೆ ದೆಹಲಿಯ ಗರೀಬ್ ರಥ ರೈಲಿನಲ್ಲಿ ಮೇಲಿನ ಬರ್ತ್ ಕೊಟ್ಟರು. ಪೋಲಿಯೋದಿಂದ ಕಾಲು ಕಳೆದುಕೊಂಡವರಿಗೆ ಮೇಲಿನ ಬರ್ತ್! ಅವರು ರಾತ್ರಿಯಿಡೀ ಬೋಗಿಯ ನೆಲದ ಮೇಲೆ ಮಲಗಿ ಬಂದರು. ದೇಶಕ್ಕಾಗಿ ಆಡುವವರ ಗತಿ ಇದಾದರೆ, ಇನ್ನೂ ಆಡಲು ಕಲಿಯಬೇಕಾದವನದು ಹೇಗಿದ್ದೀತು?

ರೈಲೂ ಹತ್ತಿದ, ಬೆಂಗಳೂರೂ ಸೇರಿದ. ಆಮೇಲಿನ ಲೆಕ್ಕ ಕೇಳಿ. ಮನೆಯಲ್ಲಿ ಕೂರುವ ಗಾಲಿಕುರ್ಚಿಯಲ್ಲಿ ಟೆನಿಸ್ ಆಡಲಾಗದು. ಆಟದ ಕುರ್ಚಿಯ ಚಕ್ರಗಳು ಬುಡದಲ್ಲಿ ಅಗಲವಾಗಿ ಓರೆಯಾಗಿರಬೇಕು, ಕ್ಷಣದಲ್ಲಿ ತಿರುಗಬೇಕು, ಹಿಂದಕ್ಕೆ ಮಗುಚದಂತೆ ಹಿಂಬದಿಗೊಂದು ಪುಟ್ಟ ಗಾಲಿ ಬೇಕು. ಆಡುವವನ ಸೊಂಟದ ಅಳತೆಗೇ ಮಾಡಿಸಬೇಕು. ಒಳ್ಳೆಯದಕ್ಕೆ ಲಕ್ಷಗಳ ಮಾತು. ರ‍್ಯಾಂಕಿಂಗ್ ಬೇಕಾದರೆ ಅಂತರರಾಷ್ಟ್ರೀಯ ಟೆನಿಸ್ ಸಂಸ್ಥೆಯ ಪಂದ್ಯಾವಳಿಗಳಲ್ಲಿ ಆಡಿ ಅಂಕ ಗಳಿಸಬೇಕು. ಅವುಗಳಲ್ಲಿ ಭಾರತದಲ್ಲಿ ನಡೆಯುವುದು ಬೆರಳೆಣಿಕೆ. ಉಳಿದದ್ದಕ್ಕೆ ವಿಮಾನ, ವೀಸಾ, ಕುರ್ಚಿಯ ಸಾಗಣೆ, ಬಹಳಷ್ಟು ಸಲ ಜತೆಗೊಬ್ಬ ಸಹಾಯಕ. ರ‍್ಯಾಂಕಿಂಗ್ ಇಲ್ಲದಿದ್ದರೆ ಪ್ರಾಯೋಜಕರಿಲ್ಲ, ಪ್ರಾಯೋಜಕರಿಲ್ಲದಿದ್ದರೆ ರ‍್ಯಾಂಕಿಂಗ್ ಇಲ್ಲ. ನಮ್ಮ ಕಡೆಯ ಗಾಣದ ಎತ್ತು ಕೂಡ ಇಷ್ಟು ಸುತ್ತಿರಲಾರದು.

2024ರಲ್ಲಿ ಪ್ಯಾರಿಸ್‌ನಿಂದ ಭಾರತ 29 ಪ್ಯಾರಾಲಿಂಪಿಕ್ ಪದಕ ತಂದಿತು. ಚಿನ್ನಕ್ಕೆ 75 ಲಕ್ಷ, ಬೆಳ್ಳಿಗೆ 50 ಲಕ್ಷ, ಕಂಚಿಗೆ 30 ಲಕ್ಷ ಎಂದು ಕೇಂದ್ರ ಸರ್ಕಾರ ಘೋಷಿಸಿತು. ಸಂತೋಷ. ಆದರೆ ಆ 84 ಜನರ ತಂಡದಲ್ಲಿ ಗಾಲಿಕುರ್ಚಿ ಟೆನಿಸ್ಸಿನವರು ಒಬ್ಬರೂ ಇರಲಿಲ್ಲ, ಟೋಕಿಯೋಗೆ ಹೋದ ತಂಡದಲ್ಲೂ ಇರಲಿಲ್ಲ. 2023ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಮೊದಲ ಖೇಲೋ ಇಂಡಿಯಾ ಪ್ಯಾರಾ ಕ್ರೀಡಾಕೂಟ ನಡೆದಾಗ ಏಳು ಆಟಗಳಿದ್ದವು, ಇದು ಇರಲಿಲ್ಲ. 2025ರಲ್ಲಿ ಎರಡನೆಯದು ನಡೆಯಿತು, ಆಗಲೂ ಇರಲಿಲ್ಲ. ಗುಡ್ಡದ ತುದಿಯಲ್ಲಿ ನಿಂತು, ಹತ್ತಿ ಬಂದವನ ಕೊರಳಿಗೆ ಹಾರ ಹಾಕುವುದು ಸುಲಭ. ಬುಡದಲ್ಲಿ ಏಣಿ ಇಡುವವರು ಯಾರು?

ಕಾನೂನಿನ ಕೊರತೆಯೂ ಇಲ್ಲ. 1995ರಲ್ಲೇ ಒಂದು ಕಾಯ್ದೆ ಬಂತು. 2016ರಲ್ಲಿ ಅದಕ್ಕಿಂತ ದೊಡ್ಡದು ಬಂತು, 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು. ಅಂಗವಿಕಲರು ಕ್ರೀಡೆಯಲ್ಲಿ ಪರಿಣಾಮಕಾರಿಯಾಗಿ ಪಾಲ್ಗೊಳ್ಳುವಂತೆ ಮಾಡುವುದು ಸರ್ಕಾರದ ಹೊಣೆ ಎಂದು ಅದರ 30ನೇ ಕಲಮು ಹೇಳುತ್ತದೆ. ಇರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಐದು ವರ್ಷಗಳೊಳಗೆ ಅವರ ಪ್ರವೇಶಕ್ಕೆ ತಕ್ಕಂತೆ ತಿದ್ದಬೇಕೆಂದೂ ಹೇಳಿತ್ತು. ನಿಯಮಗಳು ಹೊರಬಿದ್ದದ್ದು 2017ರಲ್ಲಿ, ಗಡುವು 2022ಕ್ಕೇ ಮುಗಿಯಿತು. 2024ರ ನವೆಂಬರ್‌ನಲ್ಲಿ ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾಯ್ದೆ ಕಡ್ಡಾಯ ಎಂದದ್ದನ್ನು ನಿಯಮಗಳು ಬರೀ ಸಲಹೆಯ ಮಟ್ಟಕ್ಕೆ ಇಳಿಸಿವೆ ಎಂದು ಹೇಳಿ, ಮೂರು ತಿಂಗಳಲ್ಲಿ ಕಡ್ಡಾಯ ನಿಯಮಗಳನ್ನು ಮಾಡಿ ಎಂದು ಆದೇಶಿಸಿತು. ಮಾಡಬೇಕಾದ್ದನ್ನು ಮಾಡಿದರೆ ಒಳ್ಳೆಯದು ಎಂದು ಬರೆದಿಡುವುದರಲ್ಲಿ ನಮ್ಮ ಆಡಳಿತದ ಜಾಣ್ಮೆಯೆಲ್ಲ ಇದೆ. ಈ ನಡುವೆ ಹೆಸರು ಬದಲಾಯಿಸುವ ಕೆಲಸ ಮಾತ್ರ ಚುರುಕಾಗಿ ನಡೆದಿದೆ. ಅಂಗವಿಕಲ ಹೋಗಿ ವಿಕಲಚೇತನ, ಅದು ಹೋಗಿ ವಿಶೇಷಚೇತನ, ಹಿಂದಿಯಲ್ಲಿ ದಿವ್ಯಾಂಗ. ಚೇತನಕ್ಕೆ ವಿಕಲವಾಗಿತ್ತೆಂದು ಇವರಿಗೆ ಹೇಳಿದವರು ಯಾರು? ಮೆಟ್ಟಿಲು ಮಾತ್ರ ಅಂದಿನಂತೆಯೇ ಇದೆ, ಈಗ ಅದರ ಬುಡದಲ್ಲಿ ನಿಂತಿರುವವನು ದಿವ್ಯ.

ಸರ್ಕಾರವನ್ನಷ್ಟೇ ಬೈದು ಮುಗಿಸುವುದು ನ್ಯಾಯವಲ್ಲ. ನಮ್ಮ ಸಮುದಾಯದ ಮನೆಗಳಲ್ಲಿ ಇವನಿಗಿರುವ ಹೆಸರು 'ಮಾಜೂರ್'. ಅದರ ಜತೆಗೇ ನಾಲಿಗೆಗೆ ಬರುವುದು 'ಬೇಚಾರಾ'. ರಮಝಾನಿನಲ್ಲಿ ಅವನ ನೆನಪಾಗುತ್ತದೆ. ಜಕಾತಿನ ಪಟ್ಟಿಯಲ್ಲಿ ಅವನ ಹೆಸರಿರುತ್ತದೆ, ಅಕ್ಕಿಯ ಚೀಲ ಮನೆಗೆ ಬರುತ್ತದೆ. ಈದಿನ ದಿನ ಅವನು ಮಸೀದಿಗೆ ಹೋಗಬೇಕೆಂದರೆ ಮಾತ್ರ ಇಬ್ಬರು ಎತ್ತಿಕೊಂಡು ಹೋಗಬೇಕು, ಯಾಕೆಂದರೆ ಚಂದಾ ಎತ್ತಿ ಅಮೃತಶಿಲೆ ಹಾಸಿದ ಮೆಟ್ಟಿಲುಗಳ ಪಕ್ಕದಲ್ಲಿ ಎರಡು ಮೊಳದ ಇಳಿಜಾರಿಗೆ ಜಾಗ ಉಳಿದಿಲ್ಲ. ಕುರುಡರೊಬ್ಬರು ಮಾತಾಡಲು ಬಂದಾಗ ಹುಬ್ಬು ಗಂಟಿಕ್ಕಿದ್ದಕ್ಕೆ ಪ್ರವಾದಿಯವರಿಗೇ ಎಚ್ಚರಿಕೆ ಬಂದ ಸಂಗತಿ ಕುರ್‌ಆನಿನ 'ಅಬಸ' ಅಧ್ಯಾಯದಲ್ಲಿದೆ, ಮದ್ರಸದ ಮಕ್ಕಳಿಗೂ ಗೊತ್ತು. ಆ ಕುರುಡರಿಗೆ, ಇಬ್ನ್ ಉಮ್ಮಿ ಮಕ್ತೂಮ್ ಅವರಿಗೆ, ಮುಂದೆ ಸಿಕ್ಕಿದ್ದೇನು? ಅಝಾನ್ ಕೊಡುವ ಹೊಣೆ, ಪ್ರವಾದಿಯವರು ಊರಲ್ಲಿಲ್ಲದಾಗ ಮದೀನಾದ ಹೊಣೆ. ಅದು ಕೆಲಸ, ಖೈರಾತ್ ಅಲ್ಲ. ವರ್ಷಕ್ಕೊಂದು ಅಕ್ಕಿ ಚೀಲ ಕೊಟ್ಟು ಸ್ವರ್ಗದ ಚೀಟಿ ಬರೆಸಿಕೊಳ್ಳುವವರು ಇದನ್ನು ಓದುವಾಗ ಯಾಕೆ ಕಣ್ಣು ಮುಚ್ಚಿಕೊಳ್ಳುತ್ತಾರೋ.

ಹೆಣ್ಣುಮಕ್ಕಳ ಮಾತಂತೂ ಎತ್ತುವಂತಿಲ್ಲ. ಕಾಲಿದ್ದವಳು ಮೈದಾನಕ್ಕೆ ಹೋಗುವುದೇ ಚರ್ಚೆಯ ವಿಷಯವಾಗಿರುವ ಮನೆಗಳಲ್ಲಿ ಕುರ್ಚಿಯಲ್ಲಿ ಕುಳಿತವಳು ರ‍್ಯಾಕೆಟ್ಟು ಕೇಳಿದರೆ ನಗುತ್ತಾರೆ. ಇದು ಒಂದು ಧರ್ಮದ ಮನೆಯ ಕಥೆಯಲ್ಲ. ಆದರೂ ನಮ್ಮದೇ ಕರಾವಳಿ, ಕೋಟದಲ್ಲಿ ಹುಟ್ಟಿದ ಮಾಲತಿ ಹೊಳ್ಳರನ್ನು ಕೊಟ್ಟಿದೆ. ಪೋಲಿಯೋ ಕಾಲುಗಳ ಆ ಹೆಣ್ಣುಮಗಳು ಗಾಲಿಕುರ್ಚಿಯಲ್ಲಿ ಓಡಿ, ಗುಂಡು, ಭರ್ಜಿ ಎಸೆದು 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಪಡೆದರು. ಅವರ ಬಗ್ಗೆ ಬರೆಯುವವರು ಹೆಚ್ಚಾಗಿ ಬಿಟ್ಟುಬಿಡುವ ಒಂದು ವಿವರವಿದೆ: ಅವರಿಗೆ ಸಿಂಡಿಕೇಟ್ ಬ್ಯಾಂಕಿನಲ್ಲಿ ಕೆಲಸವಿತ್ತು. ತಿಂಗಳ ಸಂಬಳವಿತ್ತು. ಬೆಂಗಳೂರಿನ ಫರ್ಮಾನ್ ಬಾಷಾ, ಪೋಲಿಯೋ ಕಾಲುಗಳಲ್ಲೇ ಭಾರ ಎತ್ತಿ 2008ರಲ್ಲಿ ಅರ್ಜುನ ಪಡೆದಾಗ ನಮ್ಮ ಸಮುದಾಯದ ಎಷ್ಟು ಸಭೆಗಳಲ್ಲಿ ಅವರ ಹೆಸರು ಕೇಳಿತು? ಕ್ರಿಕೆಟ್ ತಂಡಕ್ಕೆ ಆಯ್ಕೆಯಾದ ಮುಸ್ಲಿಂ ಹುಡುಗನ ಹೆಸರು ನಮ್ಮ ಹೋಟೆಲುಗಳಲ್ಲಿ ವಾರಗಟ್ಟಲೆ ಓಡುತ್ತದೆ.

ಹೊರಗಿನವರು ಮಹಾ ಉದಾರಿಗಳೆಂದೂ ನಾವು ಹೇಳುತ್ತಿಲ್ಲ. 2020ರಲ್ಲಿ ಕೊರೋನಾ ನೆಪದಲ್ಲಿ ಅಮೆರಿಕನ್ ಓಪನ್ ಟೆನಿಸ್‌ನವರು ಗಾಲಿಕುರ್ಚಿ ವಿಭಾಗವನ್ನು ಕೈಬಿಟ್ಟರು, ಆಟಗಾರರನ್ನು ಒಂದು ಮಾತೂ ಕೇಳದೆ. ಆಸ್ಟ್ರೇಲಿಯದ ಡಿಲನ್ ಆಲ್ಕಾಟ್ ಇದು ಶುದ್ಧ ತಾರತಮ್ಯ ಎಂದು ಎದ್ದರು, ಉಳಿದವರೂ ಎದ್ದರು. ಕೆಲವೇ ದಿನಗಳಲ್ಲಿ ಸಂಘಟಕರು ತೀರ್ಮಾನ ಬದಲಿಸಿದರು. ಮರುವರ್ಷ ಅದೇ ಅಂಗಳವನ್ನೂ ಗೆದ್ದ ಆಲ್ಕಾಟ್, ನಾಲ್ಕೂ ಗ್ರ್ಯಾಂಡ್ ಸ್ಲ್ಯಾಂ ಮತ್ತು ಪ್ಯಾರಾಲಿಂಪಿಕ್ ಚಿನ್ನವನ್ನು ಒಂದೇ ವರ್ಷದಲ್ಲಿ ತನ್ನದಾಗಿಸಿಕೊಂಡರು. ಅಲ್ಲಿ ಆಟಗಾರ ಜಗಳವಾಡಬಲ್ಲ, ಯಾಕೆಂದರೆ ಅವನು ವೃತ್ತಿಪರ. ಇಲ್ಲಿ ಅವನು ಜಗಳವಾಡಿದರೆ 'ಇಷ್ಟೆಲ್ಲ ಸನ್ಮಾನ ಮಾಡಿದ್ದೇವೆ, ಉಪಕಾರ ಸ್ಮರಣೆ ಇಲ್ಲ' ಎನ್ನುತ್ತಾರೆ.

ಕುಡಿಯುವ ನೀರಿಗೆ ಗತಿಯಿಲ್ಲದ ಊರಲ್ಲಿ ಟೆನಿಸ್ಸೇ ಎಂದು ಕೇಳುವವರಿಗೆ ಕೊನೆಯದಾಗಿ ಒಂದು ಮಾತು. ದಿನವಿಡೀ ಮಲಗಿದ ಮೈಗೆ ಏನಾಗುತ್ತದೆಂದು ಮನೆಯವರನ್ನು ಕೇಳಿ. ಬೆನ್ನಿಗೆ, ಸೊಂಟಕ್ಕೆ ಹುಣ್ಣಾಗುತ್ತದೆ. ಉಸಿರು ಕುಗ್ಗುತ್ತದೆ. ಮೂತ್ರದ ಸೋಂಕು ಮತ್ತೆ ಮತ್ತೆ ಬರುತ್ತದೆ. ಬೆನ್ನುಹುರಿ ಮುರಿದವರಲ್ಲಿ ಎಷ್ಟೋ ಮಂದಿ ಸಾಯುವುದು ಮರದಿಂದ ಬಿದ್ದು ಅಲ್ಲ, ಬಿದ್ದ ಮೇಲಿನ ಈ ಮಲಗಾಟದಿಂದ. ತೋಳಿಗೆ ಕೆಲಸ ಕೊಟ್ಟು, ಬೆವರು ಹರಿಸಿ, ಮನೆಯಿಂದ ಹೊರಗೆ ನಾಲ್ಕು ಜನರ ನಡುವೆ ತರುವ ಆಟ ಇಲ್ಲಿ ಔಷಧಿಯ ಜಾಗದಲ್ಲಿದೆ. ಹತ್ತು ಜನ ಆಡಿದರೆ ಒಬ್ಬ ಚಾಂಪಿಯನ್ ಆದಾನು, ಆಗದೆಯೂ ಇದ್ದಾನು. ಒಂಬತ್ತು ಜನ ಬದುಕಿರುತ್ತಾರೆ.

ಬೇಕಾದದ್ದು ಹೆಚ್ಚೇನಲ್ಲ. ಹೊನ್ನಾವರಕ್ಕೋ ಕುಮಟಾಕ್ಕೋ ಭಟ್ಕಳಕ್ಕೋ, ಮೂರಕ್ಕೂ ಸೇರಿ ಒಂದಾದರೂ ಸಿಮೆಂಟಿನ ಅಂಗಳ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಸುರಿಯುವ ಮಳೆಗೆ ಮೇಲೊಂದು ತಗಡಿನ ಮಾಡು. ಗೇಟಿನಿಂದ ಅಂಗಳದವರೆಗೆ ಮೆಟ್ಟಿಲಿಲ್ಲದ ದಾರಿ, ಕುರ್ಚಿ ಹೊಗುವಷ್ಟು ಅಗಲದ ಬಾಗಿಲಿನ ಶೌಚಾಲಯ, ಹಂಚಿಕೊಂಡು ಆಡಲು ನಾಲ್ಕು ಆಟದ ಕುರ್ಚಿ, ತಿಂಗಳಿಗೆರಡು ಸಲ ಬಂದು ಕಲಿಸುವ ಒಬ್ಬ ತರಬೇತುದಾರ. ಎರಡು ಮೂರು ಹೊನಲು ಬೆಳಕಿನ ಪಂದ್ಯಾವಳಿಗಳ ಸಂಘಟಕರು ಒಂದು ವರ್ಷ ಧ್ವನಿವರ್ಧಕದ ಗಾತ್ರವನ್ನು ಕಡಿಮೆ ಮಾಡಿ ಪುರಸಭೆ, ಪಟ್ಟಣ ಪಂಚಾಯಿತಿಗಳ ಜತೆ ಕುಳಿತರೆ ಶುರು ಮಾಡಬಹುದಾದ ಕೆಲಸ ಇದು.

ಡಿಸೆಂಬರ್ 3 ಹತ್ತಿರ ಬಂದಾಗ ಅಂಗವಿಕಲರ ದಿನಾಚರಣೆಗೆ ಬಂದು ನಾಲ್ಕು ಮಾತಾಡಿ ಎಂದು ಕರೆ ಬರುವುದುಂಟು. ಕರೆಯುವವರಿಗೆ ನಮ್ಮದೊಂದು ಪ್ರಶ್ನೆಯಿದೆ. ಅಂದು ಗಾಲಿಕುರ್ಚಿ ಸ್ವೀಕರಿಸಲು ಬರುವವರು ಏರಬೇಕಾದ ವೇದಿಕೆಗೆ ಮೆಟ್ಟಿಲೆಷ್ಟು? ಉತ್ತರವನ್ನು ಆಮಂತ್ರಣ ಪತ್ರಿಕೆಯಲ್ಲೇ ಅಚ್ಚು ಹಾಕಿಸಿ ಕಳಿಸಿ, ಆಮೇಲೆ ಬರುವ ವಿಚಾರ ಮಾಡೋಣ.